ಮುಚ್ಚದೆ ಬಿಟ್ಟ ಹೆಸರು

ದಸ್ತಗೀರಚಾಚಾ ತೀರಿಕೊಂಡ ಮೂವತ್ತೊಂದನೆಯ ದಿನ ಅವರ ಹೆಂಡತಿ ಖೈರುನಚಾಚಿ ನಗರಸಭೆಗೆ ಬಂದು ನನ್ನ ಮೇಜಿನ ಮುಂದೆ ಕೂತರು. ದೂರು ಕೊಡಲು ಬಂದವರ ಮುಖ ಅದಾಗಿರಲಿಲ್ಲ. ಅವರ ಅಡುಗೆಮನೆಯ ಗೋಡೆಯಲ್ಲಿ ಒಂದು ಕೆಂಪು ದೀಪವಿದೆ. ಚಾಚಾ ಹಾಸಿಗೆ ಹಿಡಿದಿದ್ದಾಗ ತಲೆದೆಸೆಯ ಗುಂಡಿ ಒತ್ತಿದರೆ ಆ ದೀಪ ಹತ್ತುತ್ತಿತ್ತು, ಚಾಚಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಈಗ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿ ತಿಂಗಳಾಯಿತು. ದೀಪ ಮಾತ್ರ ದಿನಕ್ಕೆ ಮೂರು ನಾಲ್ಕು ಸಲ ತಾನಾಗಿಯೇ ಹತ್ತುತ್ತಿದೆ ಎಂದರು.

ನಾಳೆಯೇ ಆಳು ಕಳಿಸಿ ರಿಪೇರಿ ಮಾಡಿಸುತ್ತೇನೆ ಎಂದೆ. ಚಾಚಿ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ನೀಲಾ. ಅದನ್ನಽ ಹೇಳಾಕ ಬಂದೀನಿ. ನಲವತ್ತು ದಿನಾ ಆಗೂಮಟಾ ಹಂಗಽ ಇರ್ಲಿ. ದೀಪ ಹತ್ತಿದಾಗ 'ಬಂದೆ' ಅಂತೀನಿ. ಹೋಗಿ ಆ ಖೋಲ್ಯಾಗ ಒಂದೀಟು ಕುಂತು ಬರ್ತೀನಿ."

ನಾನು ಎಂಜಿನಿಯರ್. ಯಾವ ದೀಪವೂ ತಾನಾಗಿ ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಆದರೆ ಆ ಮುಖ ನೋಡಿ, 'ಹತ್ತು ದಿನ ತನಿಖೆ ಬೇಡ' ಎಂದು ಬರೆದು ಸಹಿ ಹಾಕಿದೆ. ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಯಿತು. ಆ ಹೆಮ್ಮೆ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಮ್ಮ ತುಂಗಗೇರಿಯನ್ನು ಕಾಣದವರಿಗೆ ಸ್ವಲ್ಪ ವಿವರಿಸಿ ಹೇಳಬೇಕು. ಹತ್ತಿಯ ಗಿರಣಿಗಳ ಊರು. ಗಿರಣಿಗಳು ಮುಚ್ಚಿ ಹೋದವು, ಅವುಗಳ ಧೂಳು ಜನರ ಎದೆಯೊಳಗೆ ಉಳಿಯಿತು. ಮನೆಗೊಬ್ಬರಂತೆ ಉಸಿರಿಗೆ ಒದ್ದಾಡುವವರು. ಅವರಿಗಾಗಿ ನಗರಸಭೆಯವರು ನೀರಿನ ಕೊಳವೆಯ ಪಕ್ಕದಲ್ಲೇ ಆಮ್ಲಜನಕದ ಕೊಳವೆಯನ್ನೂ ಎಳೆದರು. ಹೀಗೆ ನೀರು, ದೀಪ, ಬಾಗಿಲು, ಉಸಿರು ಎಲ್ಲವೂ ಒಂದೇ ಕಡೆಯಿಂದ ನಡೆಯತೊಡಗಿದ ಮೇಲೆ ಅವುಗಳನ್ನು ಆಳಲು ಒಂದು ಯಂತ್ರ ಬೇಕಾಯಿತು.

ನಿಮ್ಮ ಫೋನಿನಲ್ಲಿ ಒಂದು ಪುಟ ತೆರೆದುಕೊಳ್ಳುವಾಗ ಬ್ರೌಸರ್ ಏನು ಮಾಡುತ್ತದೋ ನಮ್ಮ ಯಂತ್ರವೂ ಅದನ್ನೇ ಮಾಡುತ್ತದೆ. ದೂರದಿಂದ ಬರುವುದು ಪುಟವಲ್ಲ, ಬರೀ ಅಕ್ಷರಗಳ ಉದ್ದನೆಯ ಸಾಲು. ಇಲ್ಲಿ ಇದು ಶುರು, ಇಲ್ಲಿ ಇದು ಮುಗಿಯಿತು ಎಂಬ ಗುರುತುಗಳು ನಡುನಡುವೆ ಇರುತ್ತವೆ. ಬ್ರೌಸರ್ ಅದನ್ನು ಮೊದಲಿನಿಂದ ಓದುತ್ತ, ಬಿಡಿಸುತ್ತ, ತನ್ನ ನೆನಪಿನೊಳಗೆ ಒಂದು ಮರ ಕಟ್ಟಿಕೊಳ್ಳುತ್ತದೆ. ಶುರುವಾದದ್ದು ಮುಗಿಯುವ ಮೊದಲು ಇನ್ನೊಂದು ಶುರುವಾದರೆ ಎರಡನೆಯದು ಮೊದಲನೆಯದರ ಕೊಂಬೆ. ನೀವು ನೋಡುವುದು, ಒತ್ತುವುದು, ಬದಲಾಯಿಸುವುದು ಎಲ್ಲವೂ ಆ ಮರವನ್ನು. ಮರ ಕಟ್ಟಿಯಾದ ಮೇಲೆ ಮೂಲ ಬರಹವನ್ನು ಯಾರೂ ಕೇಳುವುದಿಲ್ಲ.

ಒಂದು ಊರನ್ನೇ ಹೀಗೆ ಬರೆದು, ಓದಿಸಿ, ಮರ ಮಾಡಿದರೆ ಹೇಗೆ ಎಂದು ಯಾರೋ ಕೇಳಿದರು. ಮಾಡಿದೆವು. ಊರೊಳಗೆ ಓಣಿ, ಓಣಿಯೊಳಗೆ ಮನೆಯ ಯಜಮಾನರ ಹೆಸರು, ಹೆಸರಿನೊಳಗೆ ಬಾಗಿಲು, ನಲ್ಲಿ, ದೀಪ. ಯಾರಾದರೂ ಒಂದು ಮನೆ ಹೊಕ್ಕರೆ ಮರದಲ್ಲಿ ಅವರ ಹೆಸರೂ ಆ ಮನೆಯೊಳಗೆ ಸರಿಯುತ್ತದೆ, ಅವರ ಸ್ವಂತ ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಕೊಂಬೆಗೆ ಏನು ಹಚ್ಚಿದರೂ ಅದರೊಳಗಿನ ಎಲ್ಲಕ್ಕೂ ಹತ್ತುತ್ತದೆ. ಎಲ್ಲಿ ಗುಂಡಿ ಒತ್ತಿದರೂ ಆ ಕರೆ ತನ್ನ ಮೇಲಿನ ಕೊಂಬೆಗಳನ್ನೆಲ್ಲ ಮುಟ್ಟುತ್ತ ಬುಡದವರೆಗೆ ಹೋಗುತ್ತದೆ. ಕೊಂಬೆ ತೆಗೆದರೆ ಒಳಗಿರುವುದೆಲ್ಲ ಅದರ ಜೊತೆ ಹೋಗುತ್ತದೆ. ದಿನವೂ ನಸುಕಿನಲ್ಲಿ ಒಮ್ಮೆ ಯಂತ್ರ ಇಡೀ ಬರಹವನ್ನು ಹೊಸದಾಗಿ ಓದಿ ಮರ ಕಟ್ಟುತ್ತದೆ. ಅದಕ್ಕೆ ಹನ್ನೊಂದು ನಿಮಿಷ. ಅಷ್ಟು ಹೊತ್ತು ಊರಿಗೆ ಮರವಿಲ್ಲ, ಆಸ್ಪತ್ರೆಯಲ್ಲಿ ನರ್ಸುಗಳು ಕೈಪಂಪು ಹಿಡಿದು ನಿಂತಿರುತ್ತಾರೆ, ಮನೆಯ ರೋಗಿಗಳು ಸಣ್ಣ ಸಿಲಿಂಡರಿನಲ್ಲಿ ಉಸಿರಾಡುತ್ತಾರೆ.

ಮೊದಲಿದ್ದ ಯಂತ್ರ ಮಹಾ ಸಿಡುಕು. ಬರಹದಲ್ಲಿ ಒಂದು ಗುರುತು ತಪ್ಪಿದರೂ ಓದುವುದನ್ನೇ ನಿಲ್ಲಿಸಿ ಊರಿಗೆ ಊರನ್ನೇ ಕತ್ತಲೆಯಲ್ಲಿ ಕೂರಿಸುತ್ತಿತ್ತು. ಜನ ಬೈದರು. ಏಳು ತಿಂಗಳ ಹಿಂದೆ ಅದನ್ನು ಕಿತ್ತು ಹೊಸದನ್ನು ತಂದೆವು. ಇದು ಬ್ರೌಸರಿನಂತೆಯೇ ಸಹನೆಯುಳ್ಳದ್ದು. ಬರೆದವರು ಮುಚ್ಚುವ ಗುರುತು ಮರೆತರೂ ತಕರಾರಿಲ್ಲ, ಹೀಗಿರಬಹುದು ಎಂದು ತಾನೇ ಊಹಿಸಿ ಮುಂದಕ್ಕೆ ಹೋಗುತ್ತದೆ. ಊಹಿಸಿದ್ದನ್ನು ಯಾರಿಗೂ ಹೇಳುವುದಿಲ್ಲ. ಇದೇ ಬೇಕೆಂದು ಸಭೆಯಲ್ಲಿ ಮೇಜು ಕುಟ್ಟಿದವಳು ನಾನು.

ಎಂಟನೆಯ ಓಣಿಯ ಬರಹ ನೋಡಿಕೊಳ್ಳುವವರು ಈರಸಂಗಪ್ಪನವರು. ಮುತ್ತು ಪೋಣಿಸಿದ ಹಾಗೆ ಬರೆಯುವ ಹಳೆಯ ಗುಮಾಸ್ತರು. ಯಾರಾದರೂ ಸತ್ತರೆ ಅವರ ಹೆಸರಿಗೆ ಶೋಕದ ಗುರುತು ಹಚ್ಚಿ, ಮನೆಯನ್ನು ವಾರಸುದಾರರ ಹೆಸರಿಗೆ ಅದರ ಕೆಳಗೇ ಬರೆದು, ದಿನಗಳು ಮುಗಿದ ಮೇಲೆ ಸತ್ತವರ ಹೆಸರು ತೆಗೆಯಲು ಆಜ್ಞೆ ಕೊಡುವುದು ಅವರ ಕೆಲಸ. ಶೋಕದ ಗುರುತಿದ್ದಲ್ಲಿ ದೀಪ ಮಂಕಾಗುತ್ತದೆ, ಕರೆಗಂಟೆ, ಫೋನು ಸದ್ದು ಮಾಡುವುದಿಲ್ಲ, ಕಸದ ಗಾಡಿ ಹಾಡು ನಿಲ್ಲಿಸಿ ಬರುತ್ತದೆ. ಒಳ್ಳೆಯ ಏರ್ಪಾಡು ಎಂದು ಎಲ್ಲರೂ ಹೊಗಳಿದ್ದರು. ದಸ್ತಗೀರಚಾಚಾ ಈರಸಂಗಪ್ಪನವರ ಗೆಳೆಯರು. ಮೂವತ್ತು ವರ್ಷ ದಿನಾ ಸಂಜೆ ಗಿರಣಿ ಗೇಟಿನ ಹೋಟೆಲಿನಲ್ಲಿ ಒಂದೇ ಚಹಾ ಹಂಚಿಕೊಂಡು ಕುಡಿದವರು. ಚಾಚಾರ ಹೆಸರು ಬರೆಯುವಾಗ ಈರಸಂಗಪ್ಪನವರು ಏನು ಮಾಡಿದರು ಎಂಬುದು ಆಗ ಯಾರಿಗೂ ತಿಳಿಯಲಿಲ್ಲ.

ನಾನು ಮತ್ತು ನನ್ನ ಅಕ್ಕ ಶರಣವ್ವ ಇರುವುದು ಅದೇ ಓಣಿಯ ಕೊನೆಯ ಮನೆಯಲ್ಲಿ, ಅರವತ್ತೊಂದನೆಯದು. ಮನೆ ಅಕ್ಕನ ಹೆಸರಿನಲ್ಲಿದೆ. ನನಗೆ ಎಂಟು ವರ್ಷವಿದ್ದಾಗ ಅವ್ವ ಹೋದಳು, ಆಮೇಲೆ ನನ್ನನ್ನು ಸಾಕಿದವಳು ಅಕ್ಕ. ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಹತ್ತಿ ಹಿಂಜಿ ನನ್ನನ್ನು ಓದಿಸಿದಳು. ನಾನು ಎಂಜಿನಿಯರಾದೆ, ಅವಳ ಎದೆ ಹಾಳಾಯಿತು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡೇ ರೊಟ್ಟಿ ಬಡಿಯುತ್ತಾಳೆ, ಕೊಳವೆಯಿಲ್ಲದೆ ಅವಳು ತಡೆಯುವುದು ಐದಾರು ನಿಮಿಷ. ನಮ್ಮ ಅಡುಗೆಮನೆಯಲ್ಲೂ ಒಂದು ಕೆಂಪು ದೀಪವಿದೆ.

ಆ ತಿಂಗಳು ಓಣಿ ಏಕೋ ವಿಚಿತ್ರವಾಗಿತ್ತು. ಬೀದಿದೀಪಗಳು ಹಳದಿ ತಿರುಗಿ ಮಂಕಾಗಿ ಉರಿಯುತ್ತಿದ್ದವು. ಕರೆಗಂಟೆ ಒತ್ತಿದರೆ ಕೇಳಿಸುತ್ತಿರಲಿಲ್ಲ, ಬಂದವರು ಬಾಗಿಲು ಬಡಿಯುತ್ತಿದ್ದರು. ಕಸದ ಗಾಡಿ ಸದ್ದಿಲ್ಲದೆ ಬಂದು ಹೋಗುತ್ತಿತ್ತು. ವೋಲ್ಟೇಜ್ ಕಡಿಮೆ ಇರಬೇಕು ಎಂದು ನಾನು ತಳ್ಳಿಹಾಕಿದೆ. ಅಕ್ಕ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದವಳು, "ಓಣಿಗೆ ಓಣೀನಽ ಸತ್ತವರ ಮನೀ ಹಂಗ ಆಗೇತಿ ನೋಡು" ಎಂದಳು.

ಇದ್ದದ್ದನ್ನು ಇದ್ದ ಹಾಗೆ ಕಂಡವಳು ಅವಳೊಬ್ಬಳೇ. ಮಾರನೆಯ ದಿನ ಕಚೇರಿಯಲ್ಲಿ ನಮ್ಮ ಮನೆಯ ಬರಹ ತೆಗೆದು ನೋಡಿದೆ. ಅಕ್ಕನ ಹೆಸರು, ಅದರೊಳಗೆ ನನ್ನ ಹೆಸರು, ಬಾಗಿಲು, ನಲ್ಲಿ, ಕೊಳವೆ. ಎಲ್ಲವೂ ಶುರುವಾಗಿ, ಎಲ್ಲವೂ ಮುಗಿದಿತ್ತು. ಸಮಾಧಾನವಾಗಿ ಮುಚ್ಚಿಟ್ಟೆ. ನಾನು ನೋಡಿದ್ದು ಬರಹವನ್ನು. ಮರವನ್ನು ನೋಡಲಿಲ್ಲ.

ನಲವತ್ತನೆಯ ದಿನ ಬಂತು. ಚಾಚಿ ಓಣಿಯವರನ್ನೆಲ್ಲ ಊಟಕ್ಕೆ ಕರೆದಿದ್ದರು. ಅಕ್ಕನಿಗೆ ಹೋಗಲೇಬೇಕೆಂಬ ಹಟ. ಚಾಚಾ ಉಸಿರಾಡುತ್ತಿದ್ದ ಕೊಳವೆ ಆ ಮನೆಯಲ್ಲಿ ಇನ್ನೂ ಇದೆ, ಅದನ್ನೇ ಹಚ್ಚಿಕೊಂಡು ಕೂರುತ್ತೇನೆ ಎಂದಳು. ಅರವತ್ತೊಂದರಿಂದ ನಾಲ್ಕನೆಯ ಮನೆಯವರೆಗೆ ಆ ಸಣ್ಣ ಸಿಲಿಂಡರ್ ನಂಬಿಕೊಂಡು ಹೋಗುವುದು ಬೇಡವೇ ಬೇಡ ಎಂದು ನಾನು ಗದರಿದೆ. ಸಿಲಿಂಡರ್ ತುಂಬಿದ್ದಾಗಲೇ ಹದಿನೈದು ನಿಮಿಷ ಬರುವುದು. ಅವಳು ನನ್ನ ಬುತ್ತಿಯ ಡಬ್ಬಿ ಮುಚ್ಚುತ್ತ, "ಆತು ಬಿಡು, ಹೋಗಂಗಿಲ್ಲ" ಎಂದಳು. ಅಕ್ಕ ನನಗೆ ಸುಳ್ಳು ಹೇಳಿದ್ದು ನಾನು ಕಂಡಂತೆ ಅದೊಂದೇ ಸಲ.

ಮಧ್ಯಾಹ್ನ ಒಂದೂವರೆ ದಾಟಿತ್ತು. ಫಲಕ ಕಾಯುವವರು ಊಟಕ್ಕೆ ಹೋಗಿ, ನಿಯಂತ್ರಣ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಗೋಡೆಯ ಫಲಕದಲ್ಲಿ ಒಂದು ಕರೆ ಮೂಡಿತು: 'ಎಂಟನೆಯ ಓಣಿ. ದಸ್ತಗೀರಸಾಬ. ಸಹಾಯ ಬೇಕು.'

ಸತ್ತ ಮನುಷ್ಯ ಕರೆಯುತ್ತಿದ್ದಾನೆ ಎಂದು ಒಂದು ಕ್ಷಣ ನಿಜವಾಗಿ ನಂಬಿದೆ. ಆಮೇಲೆ ಕೈ ತಾನಾಗಿ ಕೆಲಸ ಮಾಡಿತು, ಕರೆ ಎಲ್ಲಿಂದ ಹೊರಟಿತೆಂದು ಹಿಂದೆ ಹಿಂದೆ ನೋಡುತ್ತ ಹೋದೆ. ಹೊರಟದ್ದು ಇಪ್ಪತ್ತೆರಡನೆಯ ಮನೆಯಿಂದ, ಅಲ್ಲಿ ನಲ್ಲಿ ಒಡೆದಿತ್ತು. ಆ ಮನೆಯಿಂದ ಓಣಿಗೆ ಬರಬೇಕಾದ ಕರೆ ನಡುವೆ ದಸ್ತಗೀರಚಾಚಾರನ್ನು ಹಾದು ಬಂದಿತ್ತು.

ಏಳು ತಿಂಗಳಲ್ಲಿ ಮೊದಲ ಸಲ ನಾನು ಮರವನ್ನೇ ತೆರೆದೆ. ಎಂಟನೆಯ ಓಣಿಯಲ್ಲಿ ನಾಲ್ಕೇ ಕೊಂಬೆಗಳಿದ್ದವು. ಒಂದು, ಎರಡು, ಮೂರನೆಯ ಮನೆ, ಆಮೇಲೆ ದಸ್ತಗೀರಚಾಚಾ. ಉಳಿದ ಓಣಿಯೆಲ್ಲ ಸತ್ತ ಮನುಷ್ಯನ ಒಳಗಿತ್ತು.

ಬರಹ ತೆಗೆದೆ. ಚಾಚಾರ ಹೆಸರು ಶುರುವಾಗಿತ್ತು, ಮುಗಿದಿರಲಿಲ್ಲ. ಮುಚ್ಚುವ ಗುರುತಿನ ಜಾಗ ಖಾಲಿ. ಈರಸಂಗಪ್ಪನವರು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದರು. ನಲವತ್ತು ಆಗುವ ಮೊದಲು ಗೆಳೆಯನ ಹೆಸರು ಮುಚ್ಚಲು ಅವರಿಗೆ ಕೈ ಬಂದಿರಲಿಲ್ಲ. ಹಳೆಯ ಯಂತ್ರವಾಗಿದ್ದರೆ ಆ ದಿನವೇ ಕೂಗಾಡುತ್ತಿತ್ತು. ಇದು ಸಹನೆಯಿಂದ ಊಹಿಸಿತು: ಮುಗಿದಿಲ್ಲ ಎಂದ ಮೇಲೆ ಮುಂದಿನದೆಲ್ಲ ಇವನದೇ ಒಳಗೆ. ಅದಕ್ಕೇ ಓಣಿಗೆಲ್ಲ ಶೋಕ ಹತ್ತಿತ್ತು. ಅದಕ್ಕೇ ಯಾರ ಮನೆಯಲ್ಲಿ ಯಾರು ಗುಂಡಿ ಒತ್ತಿದರೂ ಚಾಚಿಯ ಅಡುಗೆಮನೆಯಲ್ಲಿ ದೀಪ ಹತ್ತುತ್ತಿತ್ತು.

ಆಗ ಆಜ್ಞೆಗಳ ಪಟ್ಟಿ ಕಣ್ಣಿಗೆ ಬಿತ್ತು. 'ದಸ್ತಗೀರಸಾಬ. ಮರದಿಂದ ತೆಗೆಯುವುದು. ಎರಡು ಗಂಟೆ.' ಊಟ, ಪ್ರಾರ್ಥನೆ ಎಲ್ಲ ಮುಗಿದಿರುತ್ತದೆಂದು ಈರಸಂಗಪ್ಪನವರು ಹೊತ್ತು ಗೊತ್ತುಮಾಡಿ ಹೆಬ್ಬೆಟ್ಟು ಒತ್ತಿ ಹೋಗಿದ್ದರು. ಗಡಿಯಾರ ಒಂದು ಗಂಟೆ ಮೂವತ್ತಾರು ನಿಮಿಷ ತೋರಿಸುತ್ತಿತ್ತು.

ಆಜ್ಞೆಯನ್ನು ಹಿಂದಕ್ಕೆ ಪಡೆಯಲು ಅವರದೇ ಹೆಬ್ಬೆಟ್ಟು ಬೇಕು. ಫೋನ್ ಮಾಡಿದೆ. ಪಕ್ಕದ ಮೇಜಿನ ಡ್ರಾಯರಿನೊಳಗೆ ಅದು ಗುಯ್‌ಗುಟ್ಟಿತು. ಸತ್ತವರ ಮನೆಗೆ ಫೋನ್ ಒಯ್ಯಬಾರದೆಂಬುದು ಅವರ ನೇಮ. ಚಾಚಿಗೆ, ಅಕ್ಕನಿಗೆ, ಓಣಿಯ ಇನ್ನೂ ಇಬ್ಬರಿಗೆ ಮಾಡಿದೆ. ಯಾರೂ ಎತ್ತಲಿಲ್ಲ, ಶೋಕವಿರುವಲ್ಲಿ ಫೋನಿಗೆ ಸದ್ದಿಲ್ಲ. ಓಡಿದರೆ ಓಣಿ ಅರ್ಧ ತಾಸಿನ ದಾರಿ. ಬರಹದಲ್ಲಿ ಮುಚ್ಚುವ ಗುರುತು ಹಾಕಿ ಯಂತ್ರಕ್ಕೆ ಈಗಲೇ ಓದಿಸಬಹುದಿತ್ತು. ಆದರೆ ಹನ್ನೊಂದು ನಿಮಿಷ ಊರಿಗೆ ಮರವಿಲ್ಲದಂತಾಗುತ್ತದೆ, ಆಸ್ಪತ್ರೆಯ ಹಸುಗೂಸುಗಳ ಪಕ್ಕದಲ್ಲಿ ಈ ಹೊತ್ತಿನಲ್ಲಿ ಕೈಪಂಪು ಹಿಡಿದು ಯಾರೂ ನಿಂತಿಲ್ಲ. ಚಾಚಾರ ಕೊಂಬೆಯನ್ನೇ ಬೇರೆಡೆ ಬಚ್ಚಿಡೋಣವೆಂದರೆ ಆಜ್ಞೆ ಹೆಸರು ಹುಡುಕಿಕೊಂಡು ಹೋಗುತ್ತದೆ.

ಉಳಿದದ್ದು ಒಂದೇ ದಾರಿ. ಮರಕ್ಕೇ ಕೈ ಹಾಕಿ, ಒಂದೊಂದೇ ಮನೆಯನ್ನು ಚಾಚಾರ ಒಳಗಿನಿಂದ ಎತ್ತಿ ಓಣಿಗೆ ಸೇರಿಸುವುದು. ಐವತ್ತೆಂಟು ಮನೆ. ಒಂದಕ್ಕೆ ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಆಗ ಒಂದು ನಲವತ್ತು, ಲೆಕ್ಕ ಹಾಕಿದರೆ ಇರುವ ಹೊತ್ತು ಅಷ್ಟಕ್ಕೇ ಸರಿಯಾಗಿ ಸಾಲುತ್ತಿತ್ತು.

ಬರೆದ ಕ್ರಮದಲ್ಲಿ ಹೋದರೆ ಮೊದಲು ನಾಲ್ಕನೆಯದು, ಖೈರುನಚಾಚಿಯ ಮನೆ. ನಮ್ಮದು ಕಟ್ಟಕಡೆಯದು. ನಡುವೆ ಎಲ್ಲಾದರೂ ತಪ್ಪಿದರೆ ಅಕ್ಕನ ಮನೆ ಉಳಿದೇಬಿಡುತ್ತದೆ. ನಾನು ಯೋಚಿಸಲೇ ಇಲ್ಲ. ಒಳಗಿರುವವರ ಹೆಸರು ಓದದೆಯೇ ಅರವತ್ತೊಂದನ್ನು ಮೊದಲು ಎತ್ತಿದೆ. ಅಕ್ಕ ಉಳಿದಳು ಎಂದುಕೊಂಡು ಉಸಿರು ಬಿಟ್ಟೆ. ಆಮೇಲೆ ಅರವತ್ತು, ಐವತ್ತೊಂಬತ್ತು, ಹೀಗೆ ಹಿಂದಿನಿಂದ ಮುಂದಕ್ಕೆ. ಚಾಚಿಯ ಮನೆ ಕೊನೆಗೆ ಬಂದರೂ ಚಿಂತೆಯಿಲ್ಲ, ಚಾಚಾ ಹೋದ ಮೇಲೆ ಅಲ್ಲಿ ಕೊಳವೆಯ ಉಸಿರು ಬೇಕಾದವರು ಯಾರೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆವರಿಗೆ ಬೆರಳು ಜಾರುತ್ತಿತ್ತು. ಮೂವತ್ತೇಳನೆಯ ಮನೆಯನ್ನು ತಪ್ಪಿ ಮೂವತ್ತಾರರೊಳಗೆ ಹಾಕಿ, ಮತ್ತೆ ತೆಗೆದು ಸರಿಮಾಡುವಷ್ಟರಲ್ಲಿ ಅಮೂಲ್ಯವಾದ ಒಂದು ನಿಮಿಷ ಹೋಯಿತು. ಎತ್ತಿದ ಮನೆಗಳ ದೀಪಗಳು ಫಲಕದ ಮೇಲೆ ಒಂದೊಂದಾಗಿ ಮಂಕು ಕಳೆದು ಬೆಳ್ಳಗಾಗುತ್ತಿದ್ದವು. ಇಪ್ಪತ್ತು. ಹದಿಮೂರು. ಒಂಬತ್ತು. ಗಡಿಯಾರ ನೋಡುವ ಧೈರ್ಯವಿರಲಿಲ್ಲ.

ಐದನೆಯದನ್ನು ಎತ್ತಿಟ್ಟು ನಾಲ್ಕನೆಯದಕ್ಕೆ ಬೆರಳು ಇಟ್ಟೆ. ಮನೆ ತೆರೆದುಕೊಂಡು ಒಳಗಿರುವವರ ಹೆಸರು ತೋರಿಸಿತು. ಖೈರುನ್‌ಬಿ. ಈರಸಂಗಪ್ಪ. ಅವರ ಕೆಳಗೆ ಐದಾರು ನೆಂಟರು. ಎಲ್ಲಕ್ಕಿಂತ ಕೆಳಗೆ, ಶರಣವ್ವ.

ಆ ಹೆಸರನ್ನು ನಾನು ಪೂರ್ತಿ ಓದಿದೆ. ಅಷ್ಟಕ್ಕೇ ಹೊತ್ತು ಇತ್ತು. ಎರಡು ಗಂಟೆಯಾಯಿತು, ಕೊಂಬೆ ಹೋಯಿತು. ಫಲಕದ ಮೇಲೆ ಮೂರನೆಯ ಮನೆಯ ಪಕ್ಕದಲ್ಲಿ ಐದನೆಯ ಮನೆ ಬಂದು ಅಂಟಿಕೊಂಡಿತು, ನಡುವೆ ಏನೂ ಇರಲೇ ಇಲ್ಲ ಎಂಬ ಹಾಗೆ.

ಕೂಗಿದೆನೋ ಇಲ್ಲವೋ ನೆನಪಿಲ್ಲ. ಬುಡದಿಂದ ಹೊಸದಾಗಿ ಆ ಮನೆ ಕಟ್ಟಲು ಮುಕ್ಕಾಲು ತಾಸು ಬೇಕು ಎಂದು ಗೊತ್ತಿತ್ತು. ಬಿಟ್ಟು ಓಡಿದೆ.

ಒಳಗೆ ನಡೆದದ್ದನ್ನು ಈರಸಂಗಪ್ಪನವರು ಆಮೇಲೆ ಹೇಳಿದರು. ಓಣಿಯವರು ಉಂಡು ಹೋಗಿಯಾಗಿತ್ತು. ಅಕ್ಕ ಚಾಚಾರ ಕೋಣೆಯಲ್ಲಿ ಕೊಳವೆ ಹಚ್ಚಿಕೊಂಡು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ದೀಪ ಆರಿತು, ಕೊಳವೆಯ ಸುಯ್ ಸದ್ದು ನಿಂತಿತು. ಅವಳ ಸಿಲಿಂಡರ್ ಬರುವ ದಾರಿಯಲ್ಲೇ ಖಾಲಿಯಾಗಿತ್ತು. ಬಾಗಿಲು ತೆಗೆಯಲು ಹೋದರೆ ಬಾಗಿಲು ಯಾರ ಕೈಯನ್ನೂ ಗುರುತಿಸಲಿಲ್ಲ. ತಲೆದೆಸೆಯ ಗುಂಡಿಯನ್ನು ಅವರು ಒತ್ತಿದರು, ಚಾಚಿ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಆ ಕರೆ ಎಲ್ಲಿಗೂ ಹೋಗಲಿಲ್ಲ, ಹೋಗಲು ಅದರ ಮೇಲೆ ಮರವೇ ಇರಲಿಲ್ಲ. ರುಬ್ಬುವ ಒಳ್ಳಿನ ಗುಂಡುಕಲ್ಲಿನಿಂದ ಕಿಟಕಿಯ ಸರಳು ಮುರಿದು ಅಕ್ಕನನ್ನು ಹೊರಗೆ ತರಲು ಹದಿನೇಳು ನಿಮಿಷವಾಯಿತು. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಎತ್ತಿಕೊಂಡು ನಮ್ಮ ಮನೆಗೆ ತಂದರು. ನಾನು ತಲುಪಿದಾಗ ಅವಳನ್ನು ಅಲ್ಲಿ ಮಲಗಿಸಿದ್ದರು. ನಮ್ಮ ಮನೆಯ ಕೊಳವೆ ಚೆನ್ನಾಗಿ ಸುಯ್‌ಗುಟ್ಟುತ್ತಿತ್ತು. ದೀಪ ಬೆಳ್ಳಗೆ ಉರಿಯುತ್ತಿತ್ತು. ನಾನು ಎಲ್ಲಕ್ಕಿಂತ ಮೊದಲು ಉಳಿಸಿದ ಮನೆ ಅದು.

ಬರೆದ ಕ್ರಮದಲ್ಲೇ ಹೋಗಿದ್ದರೆ ಮೊದಲ ಇಪ್ಪತ್ತು ಸೆಕೆಂಡಿಗೇ ಅವಳು ಹೊರಗಿರುತ್ತಿದ್ದಳು.

ಮಾರನೆಯ ದಿನ ಈರಸಂಗಪ್ಪನವರು ಬಂದು ಹೊಸ್ತಿಲ ಹೊರಗೇ ನಿಂತರು. ಕೈಗೆ ಬಟ್ಟೆ ಸುತ್ತಿತ್ತು, ಕಲ್ಲು ಹಿಡಿದು ಒಡೆದ ಕೈ. ಒಳಗೆ ಬರಲು ಕರೆದರೂ ಬರಲಿಲ್ಲ.

"ಅಕ್ಕಾರ ಹೆಸರು ನಾ ಬರ್ಯಾಕ ಆಗೂದಿಲ್ರಿ ಬಾಯಾರ. ನೀವಽ ಬರೀರಿ. ಮುಚ್ಚಿ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ, ಮುಚ್ಚಿಽ ಬರೀರಿ."

ಅವರನ್ನು ಬೈಯಬೇಕೆಂದು ರಾತ್ರಿಯಿಡೀ ಮಾತು ಕೂಡಿಟ್ಟಿದ್ದೆ. ಸಡಿಲಾಗಿದ್ದ ಕೈಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಕಳಿಸಿದೆ. ಆ ಸಂಜೆಯೇ ಕಚೇರಿಗೆ ಹೋಗಿ ಬರಹ ತೆಗೆದೆ. ಅಕ್ಕನ ಹೆಸರಿಗೆ ಶೋಕದ ಗುರುತು ಹಚ್ಚಿದೆ. ಕೆಳಗೆ ಮನೆಯನ್ನು ನನ್ನ ಹೆಸರಿಗೆ ಬರೆದೆ. ನಡುವೆ ಮುಚ್ಚುವ ಗುರುತು ಹಾಕಬೇಕು. ಒಂದೇ ಒಂದು ಗೆರೆ. ಅದನ್ನು ಹಾಕಿದರೆ ಅಕ್ಕ ಮುಗಿದಳು. ಹಾಕದಿದ್ದರೆ ಏನಾಗುತ್ತದೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ: ಮುಂದಿನ ಹೆಸರು ಅವಳೊಳಗೆ ಹೋಗುತ್ತದೆ, ಮುಂದಿನ ಹೆಸರು ನನ್ನದು. ನಮ್ಮಲ್ಲಿ ಶೋಕ ಹನ್ನೊಂದು ದಿನ. ಹನ್ನೊಂದನೆಯ ದಿನ ಆಜ್ಞೆ ಬಂದರೆ ಇಬ್ಬರೂ ಒಟ್ಟಿಗೆ, ನಾನು ಬಾಗಿಲು ತೆಗೆಯದ ಮನೆಯೊಳಗೆ.

ಗೆರೆ ಹಾಕದೆ ಎದ್ದು ಬಂದೆ.

ಮೂರು ದಿನ ಹಾಗೇ ಇದ್ದೆ. ನಮ್ಮ ಮನೆಯ ದೀಪ ಮಂಕಾಯಿತು, ಕರೆಗಂಟೆ ಸುಮ್ಮನಾಯಿತು. ಪಡಸಾಲೆಯಲ್ಲಿ ಸಹಾಯದ ಗುಂಡಿ ಒತ್ತಿದರೆ ಕರೆ ಮೊದಲು ಅಕ್ಕನಿಗೆ ಹೋಗುತ್ತಿತ್ತು, ಅಡುಗೆಮನೆಯಲ್ಲಿ ಅವಳ ಕೆಂಪು ದೀಪ ಹತ್ತುತ್ತಿತ್ತು. ಹೇಗೆ, ಯಾಕೆ ಎಂಬುದೆಲ್ಲ ನನಗೆ ಗೊತ್ತು. ಆದರೂ ಒತ್ತಿ, ದೀಪ ನೋಡಿ, "ಬಂದೆ ಅಕ್ಕಾ" ಎಂದು ಓಡುತ್ತಿದ್ದೆ. ದಿನ ಕಳೆದ ಹಾಗೆ ಒತ್ತುವುದು ಹೆಚ್ಚಾಯಿತು. ಮೂರನೆಯ ದಿನ ಹನ್ನೊಂದಕ್ಕೆ ಇನ್ನೆಷ್ಟು ಉಳಿಯಿತೆಂದು ಬೆರಳು ಮಡಿಸಿ ಎಣಿಸುತ್ತಿದ್ದೆ, ಆ ಎಣಿಕೆಯಲ್ಲಿ ನನಗೆ ಹೆದರಿಕೆಯೇ ಆಗಲಿಲ್ಲ. ಹೆದರಿಕೆಯಾಗಲಿಲ್ಲ ಎಂಬುದು ಅರಿವಿಗೆ ಬಂದಾಗ ಮಡಿಸಿದ್ದ ಬೆರಳುಗಳನ್ನು ಬಿಚ್ಚಿದೆ. ಇಪ್ಪತ್ತೆರಡು ವರ್ಷ ಧೂಳು ನುಂಗಿದವಳು ನಾನು ಹೀಗೆ ಹೋಗಲೆಂದು ನುಂಗಿರಲಿಲ್ಲ.

ನಾಲ್ಕನೆಯ ದಿನ ಕಚೇರಿಗೆ ಹೋಗಿ ಗೆರೆ ಹಾಕಿದೆ. ಮರುದಿನ ನಸುಕಿನ ಓದು ಮುಗಿದ ಮೇಲೆ ಎದ್ದು ಪಡಸಾಲೆಯ ಗುಂಡಿ ಒತ್ತಿ, ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ದೀಪ ಹತ್ತಲಿಲ್ಲ.